ರೆಕಾರ್ಡಿಂಗ್‌ನಲ್ಲಿ ಗುಂಯ್ ಸದ್ದು: ಮನೆ ಸ್ಟುಡಿಯೊದಲ್ಲಿ ದೋಷ ಹುಡುಕುವ ಕ್ರಮ

ಮೈಸೂರಿನ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ನಾನು ರೆಕಾರ್ಡಿಂಗ್ ಕಲಿಯಲು ಶುರು ಮಾಡಿ ಆಗ ಎರಡನೇ ವರ್ಷ. ಸಂಗೀತದ ಮೇಷ್ಟ್ರೊಬ್ಬರು ತಮ್ಮ ಶಿಷ್ಯರಿಗಾಗಿ ಪಾಠಗಳನ್ನು ಹಾಡಿ ಕೊಡಲು ಬಂದಿದ್ದರು. ಅವರದು ಒಂದು ಮನೆ ಶ್ರುತಿ, ಅಂದರೆ ಹಾರ್ಮೋನಿಯಂನ ಸಿ ಮನೆಯೇ ಷಡ್ಜ. ತಂಬೂರಿಯನ್ನು ಮೊದಲೇ ಒಂದು ಟ್ರ್ಯಾಕ್‌ನಲ್ಲಿ ಹಾಕಿಟ್ಟು ಅವರ ಹೆಡ್‌ಫೋನಿಗೆ ಕೊಟ್ಟಿದ್ದೆ. ಐದು ನಿಮಿಷ ಆಗಿರಲಿಲ್ಲ, ಹಾಡು ನಿಲ್ಲಿಸಿಬಿಟ್ಟರು.

"ತಂಬೂರಿ ಪಂಚಮ ಅಲ್ಲಾಡ್ತಿದೆಯಲ್ಲಪ್ಪ, ಸ್ವಲ್ಪ ಸರಿಮಾಡು."

"ಇಲ್ಲ ಮೇಷ್ಟ್ರೇ, ಅದು ರೆಕಾರ್ಡ್ ಆಗಿರೋ ತಂಬೂರಿ. ಅಲ್ಲಾಡೋಕೆ ಹೇಗೆ ಸಾಧ್ಯ?"

"ನಾನು ಮೈಕ್ ಕೈಲಿ ಹಿಡ್ಕೊಂಡ್ರೆ ನಿಲ್ಲುತ್ತೆ, ಸ್ಟ್ಯಾಂಡಿಗೆ ಹಾಕಿದ ತಕ್ಷಣ ಅಲ್ಲಾಡುತ್ತೆ. ನೀನೇ ಕೇಳು."

ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ತಂಬೂರಿಯ ಅಡಿಯಲ್ಲಿ ತೆಳ್ಳಗೆ ಒಂದು ಗುಂಯ್ ಸದ್ದಿತ್ತು. ನಾನು ವಾರಗಟ್ಟಲೆ ಕೇಳಿಯೂ ಕೇಳದಂತಿದ್ದ ಸದ್ದು ಅದು. ಆಮೇಲೆ ಸಾಫ್ಟ್‌ವೇರಿನಲ್ಲಿ ತೆಗೆದರಾಯಿತು ಅಂದುಕೊಂಡಿದ್ದೆ. ಮೇಷ್ಟ್ರ ಕಿವಿ ಅದನ್ನು ಗದ್ದಲ ಅಂತ ಅಲ್ಲ, ಒಂದು ಸ್ವರ ಅಂತಲೇ ಕೇಳಿಸಿಕೊಂಡಿತ್ತು. ಅವರು ಹೇಳಿದ ಎರಡು ಮಾತಿನಲ್ಲೇ ದೋಷದ ಅರ್ಧ ವಿಳಾಸವಿತ್ತು. ಉಳಿದರ್ಧ ಹುಡುಕಲು ನನಗೆ ಮೂರು ದಿನ ಹಿಡಿಯಿತು. ಅಷ್ಟು ಹೊತ್ತು ಬೇಕಾಗಿರಲಿಲ್ಲ. ಕ್ರಮವಾಗಿ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸದ್ದಿನ ಶ್ರುತಿ ಹಿಡಿಯಿರಿ

ಯಾವ ವೈರನ್ನೂ ಮುಟ್ಟಬೇಡಿ. ಹಾಡದೆ, ಮಾತಾಡದೆ ಮೂವತ್ತು ಸೆಕೆಂಡ್ ಖಾಲಿ ರೆಕಾರ್ಡ್ ಮಾಡಿ, ಅದನ್ನು ಜೋರಾಗಿ ಕೇಳಿ. ನಮ್ಮ ದೇಶದ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್, ಅಂದರೆ ಸೆಕೆಂಡಿಗೆ 50 ಅಲೆ. ವಿದ್ಯುತ್ತಿನಿಂದ ಬರುವ ಗುಂಯ್ ಯಾವಾಗಲೂ 50, 100, 150, 200 ಹೀಗೆ ಐವತ್ತರ ಮಗ್ಗಿಯಲ್ಲೇ ಇರುತ್ತದೆ. ಸಣ್ಣ ಸ್ಪೀಕರ್‌ನಲ್ಲಿ 50 ಕೇಳುವುದೇ ಇಲ್ಲ, ನಮಗೆ ಕೇಳುವುದು 100 ಮತ್ತು 150. ಒಂದು ಮನೆ ಷಡ್ಜ 130.8 ಹರ್ಟ್ಜ್, ತಂಬೂರಿಯ ಮಂದ್ರ ಪಂಚಮ ಅದರ ಮುಕ್ಕಾಲು, ಅಂದರೆ 98.1. ಪಕ್ಕದಲ್ಲೇ 100 ಹರ್ಟ್ಜ್ ಗುಂಯ್‌ಗುಟ್ಟುತ್ತಿದ್ದರೆ ಎರಡೂ ಸೇರಿ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸಲ ಉಬ್ಬಿ ಇಳಿಯುತ್ತವೆ. ಮೇಷ್ಟ್ರು ಅಲ್ಲಾಡುತ್ತಿದೆ ಎಂದದ್ದು ಇದನ್ನೇ.

ಹಾಗಾಗಿ ಹಾಡುವವರಿಗೆ ಬೇರೆ ಯಂತ್ರವೇ ಬೇಡ. ಹಾರ್ಮೋನಿಯಂ ಅಥವಾ ಕೀಬೋರ್ಡಿನಲ್ಲಿ ಐದು ಮನೆ (ಜಿ) ಒತ್ತಿ ನೋಡಿ. ಗುಂಯ್ ಸದ್ದು ಅದಕ್ಕಿಂತ ಕೂದಲೆಳೆ ಮೇಲಿದ್ದರೆ ಅದು ಕರೆಂಟಿನದೇ. ಅಮೆರಿಕದಲ್ಲಿರುವ ನಮ್ಮವರಿಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ವಿದ್ಯುತ್ತು 60 ಹರ್ಟ್ಜ್, ಆದ್ದರಿಂದ ಗುಂಯ್ 120ರಲ್ಲಿ, ಆರೂವರೆಗೂ ಏಳು ಮನೆಗೂ ನಡುವೆ ಬರುತ್ತದೆ.

ಕಿವಿಯ ಮೇಲೆ ನಂಬಿಕೆ ಸಾಲದಿದ್ದರೆ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಆ ಖಾಲಿ ರೆಕಾರ್ಡಿಂಗ್ ತೆರೆದು ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ನಕ್ಷೆ) ನೋಡಿ. 50, 100, 150ರಲ್ಲಿ ಶಿಖರಗಳಿದ್ದು ಮೇಲೆ ಹೋದಂತೆ ಕರಗುತ್ತಿದ್ದರೆ ಅರ್ತಿಂಗ್ ಅಥವಾ ಕೇಬಲ್ ಕಡೆ ನೋಡಬೇಕು. ಶಿಖರಗಳು ಬಾಚಣಿಗೆ ಹಲ್ಲಿನಂತೆ ಸಾವಿರಾರು ಹರ್ಟ್ಜ್‌ವರೆಗೂ ಸಾಲಾಗಿ ನಿಂತಿದ್ದು, ಕಿವಿಗೆ ಅದು ಗುಂಯ್ ಅನ್ನುವುದಕ್ಕಿಂತ ಜರ್ರ್ ಅಂತ ಕೇಳಿದರೆ ಫ್ಯಾನ್ ರೆಗ್ಯುಲೇಟರ್, ಡಿಮ್ಮರ್ ಅಥವಾ ಯುಪಿಎಸ್ ಮೇಲೆ ಅನುಮಾನ ಪಡಿ. 1,000 ಅಥವಾ 8,000 ಹರ್ಟ್ಜ್‌ನಲ್ಲಿ ಸೂಜಿಯಂತೆ ಒಂಟಿ ಶಿಖರವಿದ್ದು, ಮೌಸ್ ಆಡಿಸಿದಾಗ ಸದ್ದು ಬದಲಾದರೆ ಅದು ಯುಎಸ್‌ಬಿ ದಾರಿಯಲ್ಲಿ ಲ್ಯಾಪ್‌ಟಾಪಿನಿಂದ ಬಂದದ್ದು. ಯುಎಸ್‌ಬಿ ದತ್ತಾಂಶ ಸೆಕೆಂಡಿಗೆ 1,000 ಅಥವಾ 8,000 ಕಂತುಗಳಲ್ಲಿ ಓಡುವುದರಿಂದ ಆ ಸಂಖ್ಯೆಗಳು. ಮಟ್ಟಸವಾದ ಸ್ಸ್ ಎಂಬ ಸದ್ದಾದರೆ ಅದು ಬೇರೆಯೇ ಕಥೆ, ಕೊನೆಯಲ್ಲಿ ಬರುತ್ತೇನೆ.

ಎಲ್ಲ ಕಿತ್ತು, ಒಂದೊಂದಾಗಿ ಸೇರಿಸುವುದು

ನಾನು ಮೊದಲ ದಿನ ಮಾಡಿದ ತಪ್ಪು ಎಂದರೆ ಒಟ್ಟೊಟ್ಟಿಗೆ ಮೂರು ಬದಲಾವಣೆ. ಸಾಕೆಟ್ ಬದಲಿಸಿದೆ, ಕೇಬಲ್ ಬದಲಿಸಿದೆ, ಗೇನ್ (ಮೈಕಿನ ಧ್ವನಿಯನ್ನು ಹಿಗ್ಗಿಸುವ ಮಟ್ಟ) ಇಳಿಸಿದೆ. ಸದ್ದು ಕಡಿಮೆಯಾಯಿತು. ಯಾವುದರಿಂದ ಅಂತ ತಿಳಿಯಲಿಲ್ಲ. ಮಾರನೇ ದಿನ ಗೇನ್ ಏರಿಸಿದಾಗ ಸದ್ದು ಹಾಗೇ ವಾಪಸ್.

ಸರಿಯಾದ ಕ್ರಮ ಇದು. ಇಂಟರ್‌ಫೇಸಿಗೆ (ಮೈಕನ್ನು ಲ್ಯಾಪ್‌ಟಾಪಿಗೆ ಸೇರಿಸುವ ಪೆಟ್ಟಿಗೆ) ಚುಚ್ಚಿರುವ ಎಲ್ಲವನ್ನೂ ಕಿತ್ತುಬಿಡಿ: ಮೈಕ್, ಕೀಬೋರ್ಡ್, ಸ್ಪೀಕರ್. ಲ್ಯಾಪ್‌ಟಾಪಿನ ಚಾರ್ಜರ್ ಕೂಡ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಉಳಿಯಬೇಕಾದ್ದು ಲ್ಯಾಪ್‌ಟಾಪ್, ಇಂಟರ್‌ಫೇಸ್, ಹೆಡ್‌ಫೋನ್ ಮಾತ್ರ. ಗೇನ್ ಗುಬುಟನ್ನು ನೀವು ಹಾಡುವಾಗ ಇಡುವ ಜಾಗದಲ್ಲೇ ಬಿಡಿ, ಪರೀಕ್ಷೆ ಮುಗಿಯುವವರೆಗೂ ಅದನ್ನು ಮುಟ್ಟಕೂಡದು. ಸಾಫ್ಟ್‌ವೇರಿನ ಮೀಟರ್ ಎಷ್ಟು ತೋರಿಸುತ್ತಿದೆ ಎಂದು ಕಾಗದದಲ್ಲಿ ಬರೆದುಕೊಳ್ಳಿ. ಈಗ ಮೈಕ್ ಮಾತ್ರ ಸೇರಿಸಿ, ಬರೆಯಿರಿ. ಚಾರ್ಜರ್ ಸೇರಿಸಿ, ಬರೆಯಿರಿ. ಸ್ಪೀಕರ್ ಸೇರಿಸಿ, ಬರೆಯಿರಿ. ಸಂಖ್ಯೆ ಎಲ್ಲಿ ಜಿಗಿಯುತ್ತದೋ ದೋಷದ ಬಾಗಿಲು ಅಲ್ಲೇ ಇದೆ.

ನನ್ನ ಕಾಗದದಲ್ಲಿ ಮೈಕ್ ಸೇರಿಸಿದಾಗ ಹೆಚ್ಚೇನೂ ಆಗಲಿಲ್ಲ. ಚಾರ್ಜರ್ ಚುಚ್ಚಿದ ಕೂಡಲೇ ಮೀಟರ್ ಮೈನಸ್ 46 ಡೆಸಿಬಲ್‌ಗೆ ಏರಿತು (ಸೊನ್ನೆಗೆ ಹತ್ತಿರವಾದಷ್ಟೂ ಸದ್ದು ಜೋರು). ಸ್ಟ್ಯಾಂಡಿನಲ್ಲಿದ್ದ ಮೈಕಿನ ಲೋಹದ ಮೈಗೆ ಬೆರಳು ತಾಗಿಸಿದರೆ ಸದ್ದು ಇಳಿಯುತ್ತಿತ್ತು, ಬಿಟ್ಟರೆ ಏರುತ್ತಿತ್ತು. ಚಾರ್ಜರ್ ಹಾಕಿರುವಾಗ ಲ್ಯಾಪ್‌ಟಾಪಿನ ಲೋಹದ ಅಂಚಿನ ಮೇಲೆ ಮುಂಗೈ ಮೆಲ್ಲಗೆ ಸವರಿದರೆ ಜುಮ್ಮೆನ್ನುತ್ತಿತ್ತು. ಈ ಮೂರು ಲಕ್ಷಣ ಒಟ್ಟಿಗೆ ಕಂಡರೆ ನಿಮ್ಮ ಸಾಕೆಟ್ಟಿಗೆ ಅರ್ತ್ ಬಂದಿಲ್ಲ ಎಂದೇ ಹಿಡಿದು ಮುಂದೆ ಹೋಗಿ. ಚಾರ್ಜರಿನೊಳಗೆ ಗದ್ದಲ ಸೋಸಲು ಇಟ್ಟಿರುವ ಸಣ್ಣ ಕೆಪಾಸಿಟರ್‌ಗಳು ಒಂದಿಷ್ಟು ವಿದ್ಯುತ್ತನ್ನು ಅರ್ತ್ ಕಡೆಗೆ ಜಿನುಗಿಸುತ್ತವೆ. ಅರ್ತ್ ಇದ್ದರೆ ಅದು ನೆಲಕ್ಕಿಳಿದು ಹೋಗುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪ್, ಇಂಟರ್‌ಫೇಸ್, ಮೈಕಿನ ಮೈ ಎಲ್ಲದರ ಮೇಲೂ ಕೂತು, ಕೈ ಇಟ್ಟವರ ದೇಹದ ಮೂಲಕ ದಾರಿ ಹುಡುಕುತ್ತದೆ.

ಗೋಡೆಯೊಳಗೆ ಇದ್ದದ್ದು

ಮಲ್ಟಿಮೀಟರ್ ಇದ್ದು, ಅದನ್ನು ಬಳಸಿ ರೂಢಿಯಿದ್ದರೆ ಮಾತ್ರ ಸಾಕೆಟ್ ಪರೀಕ್ಷಿಸಿ. ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಕರೆಯಿರಿ. ಫೇಸ್–ನ್ಯೂಟ್ರಲ್ ಮಧ್ಯೆ 230 ಆಸುಪಾಸು, ಫೇಸ್–ಅರ್ತ್ ಮಧ್ಯೆಯೂ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್–ಅರ್ತ್ ಮಧ್ಯೆ ಎರಡು ಮೂರು ವೋಲ್ಟ್ ಒಳಗೆ ಬರಬೇಕು. ನನ್ನ ಸಾಕೆಟ್ಟಿನಲ್ಲಿ ಫೇಸ್–ಅರ್ತ್ 70 ಅಂತ ತೋರಿಸಿ, ನೋಡುತ್ತಿದ್ದಂತೆ 55ಕ್ಕೆ ಇಳಿದು, ಮತ್ತೆ ಏರಿತು. ಹೀಗೆ ನಿಲ್ಲದೆ ತೇಲುವ ಸಂಖ್ಯೆ ಅಂದರೆ ಆ ತುದಿ ಎಲ್ಲಿಗೂ ಸೇರಿಲ್ಲ. ಟೆಸ್ಟರಿನ ದೀಪ ನೋಡಿ ಸಮಾಧಾನಪಟ್ಟುಕೊಳ್ಳಬೇಡಿ. ಅದು ಫೇಸ್ ಇದೆಯೇ ಎಂದು ಹೇಳುತ್ತದೆ, ಅರ್ತ್ ಇದೆಯೇ ಎಂದು ಹೇಳುವುದಿಲ್ಲ.

ಎಲೆಕ್ಟ್ರಿಷಿಯನ್ ಬಂದು ಮೇನ್ ಆಫ್ ಮಾಡಿ ಸ್ವಿಚ್ ಬೋರ್ಡಿನ ಸ್ಕ್ರೂ ಬಿಚ್ಚಿದರು. ಬಿಳಿ ಫಲಕ ಮುಂದಕ್ಕೆ ಬಂತು. ಕೆಂಪು ಮತ್ತು ಕಪ್ಪು ವೈರು ಅವುಗಳ ಜಾಗದಲ್ಲಿ ಬಿಗಿಯಾಗಿ ಕೂತಿದ್ದವು. ಹಸಿರು ವೈರು ಪೈಪಿನಿಂದ ಎರಡು ಇಂಚು ಹೊರಗೆ ಬಂದು, ಹಿಂದಕ್ಕೆ ಮಡಚಿಕೊಂಡು, ತುದಿಗೆ ಟೇಪ್ ಸುತ್ತಿಸಿಕೊಂಡು ಸಿಮೆಂಟಿನ ಪುಡಿಯಲ್ಲಿ ಮಲಗಿತ್ತು. ಸಾಕೆಟ್ಟಿನ ಮೇಲಿನ ದೊಡ್ಡ ತೂತಿನ ಹಿಂದಿದ್ದ ಹಿತ್ತಾಳೆ ಸ್ಕ್ರೂಗೆ ವೈರು ತಾಗಿದ ಗುರುತೇ ಇರಲಿಲ್ಲ. ಮಹಡಿ ಕಟ್ಟಿಸಿದಾಗ ವೈರಿಂಗ್ ಮಾಡಿದವರು ಯಾಕೆ ಹಾಗೆ ಬಿಟ್ಟರೋ. ಆದರೆ ಅಷ್ಟು ವರ್ಷ ನಾವು ಅದೇ ಸಾಕೆಟ್ಟಿಗೆ ಇಸ್ತ್ರಿಪೆಟ್ಟಿಗೆ ಹಾಕುತ್ತಿದ್ದೆವು ಎಂದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಟೇಪ್ ಬಿಚ್ಚಿ, ತುದಿ ಹೆರೆದು, ಸ್ಕ್ರೂಗೆ ಸೇರಿಸಿ ಬಿಗಿಯಲು ಅವರಿಗೆ ಹತ್ತು ನಿಮಿಷ ಸಾಕಾಯಿತು.

ವೈರು ಸೇರಿದ್ದರೂ ಅರ್ತ್ ದುರ್ಬಲವಾಗಿರಬಹುದು. ಹಳೆಯ ಮನೆಗಳಲ್ಲಿ ಇದ್ದಿಲು ಮತ್ತು ಉಪ್ಪನ್ನು ಪದರ ಪದರವಾಗಿ ತುಂಬಿದ ಅರ್ತಿಂಗ್ ಗುಂಡಿ ಕಾಂಪೌಂಡಿನ ಮೂಲೆಯಲ್ಲಿರುತ್ತದೆ. ಮಣ್ಣು ಒಣಗಿದರೆ ಅದು ವಿದ್ಯುತ್ತನ್ನು ನೆಲಕ್ಕೆ ಸರಿಯಾಗಿ ಬಿಡುವುದಿಲ್ಲ. ಮಳೆಗಾಲದಲ್ಲಿ ಸುಮ್ಮನಿದ್ದ ಸ್ಟುಡಿಯೊ ಏಪ್ರಿಲ್‌ನಲ್ಲಿ ಗುಂಯ್‌ಗುಡತೊಡಗಿದರೆ ಮೊದಲು ಎರಡು ಬಕೆಟ್ ನೀರು ಆ ಗುಂಡಿಗೆ ಸುರಿದು ನೋಡಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಗುಂಯ್ ಹೋಗಲಿ ಎಂದು ಪ್ಲಗ್ಗಿನ ಅರ್ತ್ ಪಿನ್ ಮುರಿಯುವುದು, ಅಥವಾ ಮೂರು ಪಿನ್ನಿನದನ್ನು ಎರಡು ಪಿನ್ನಿನ ಅಡಾಪ್ಟರಿಗೆ ಹಾಕುವುದು ಬಹಳ ಕಡೆ ನಡೆಯುತ್ತದೆ. ಕೆಲವು ಸಲ ಸದ್ದೂ ನಿಲ್ಲುತ್ತದೆ. ಆದರೆ ಹಾಡುವವರ ತುಟಿ ಮೈಕಿನ ಜಾಲರಿಗೆ ತಾಗುತ್ತದೆ, ಕೈಯಲ್ಲಿ ಬೆವರಿರುತ್ತದೆ, ಕಾಲು ಬರಿಗಾಲು. ಯಾವುದೋ ಒಂದು ಉಪಕರಣದೊಳಗೆ ಫೇಸ್ ವೈರು ಸಡಿಲವಾಗಿ ಲೋಹಕ್ಕೆ ತಾಗಿದ ದಿನ ಅವರನ್ನು ಕಾಯುವುದು ಆ ಪಿನ್ನೊಂದೇ. ಯಾವ ರೆಕಾರ್ಡಿಂಗೂ ಅದಕ್ಕಿಂತ ದೊಡ್ಡದಲ್ಲ.

ಕೇಬಲ್ ಎಂಬ ಎರಡನೇ ಬಾಗಿಲು

ಅರ್ತ್ ಇಲ್ಲದಿರುವುದು ಗುಂಯ್ ಹುಟ್ಟಲು ಕಾರಣ. ಅದು ಮೈಕಿನ ಟ್ರ್ಯಾಕಿಗೆ ನುಗ್ಗಲು ಇನ್ನೊಂದು ಕಾರಣವಿತ್ತು, ಅದು ಪೂರ್ತಿ ನನ್ನದೇ. ಕರೋಕೆ ಸೆಟ್ಟಿನ ಜೊತೆ ಬರುವಂಥ ಕೇಬಲ್ ಬಳಸುತ್ತಿದ್ದೆ. ಮೈಕಿನ ಕಡೆ ಮೂರು ಪಿನ್ನಿನ ಎಕ್ಸ್‌ಎಲ್‌ಆರ್, ಇಂಟರ್‌ಫೇಸಿನ ಕಡೆ ದಪ್ಪ ಜ್ಯಾಕ್, ಆ ಜ್ಯಾಕಿನ ಮೇಲೆ ಒಂದೇ ಕಪ್ಪು ಪಟ್ಟಿ.

ಎಕ್ಸ್‌ಎಲ್‌ಆರ್ ಕೇಬಲಿನಲ್ಲಿ ಒಂದನೇ ಪಿನ್ನಿಗೆ ಹೊರಗಿನ ಜಾಲರಿ, ಎರಡು ಮತ್ತು ಮೂರನೇ ಪಿನ್ನಿಗೆ ಒಂದೊಂದು ಎಳೆ. ಮೈಕಿನ ಧ್ವನಿ ಆ ಎರಡು ಎಳೆಗಳಲ್ಲಿ ಒಂದಕ್ಕೊಂದು ವಿರುದ್ಧವಾಗಿ ಹೋಗುತ್ತದೆ. ದಾರಿಯಲ್ಲಿ ಸೇರಿಕೊಳ್ಳುವ ಗುಂಯ್ ಎರಡರಲ್ಲೂ ಒಂದೇ ಥರ ಕೂರುತ್ತದೆ. ಇಂಟರ್‌ಫೇಸ್ ಒಂದರಿಂದ ಇನ್ನೊಂದನ್ನು ಕಳೆದಾಗ ಧ್ವನಿ ಉಳಿದು ಗುಂಯ್ ಅಳಿಯುತ್ತದೆ. ಒಂದೇ ಪಟ್ಟಿಯ ಜ್ಯಾಕಿನಲ್ಲಿ ಮೂರನೇ ಪಿನ್ನನ್ನು ಜಾಲರಿಗೇ ಸೇರಿಸಿರುತ್ತಾರೆ, ಆದ್ದರಿಂದ ಕಳೆಯುವ ಲೆಕ್ಕವೇ ನಡೆಯುವುದಿಲ್ಲ. ಮೇಲಾಗಿ ಇಂಟರ್‌ಫೇಸಿನ ಜೋಡಿ ಸಾಕೆಟ್ಟಿನಲ್ಲಿ ಹೊರಗಿನ ಮೂರು ತೂತು ಮೈಕಿಗೆ, ನಡುವಿನ ದೊಡ್ಡ ತೂತು ಕೀಬೋರ್ಡ್ ಅಥವಾ ಗಿಟಾರಿಗೆ. ಮೈಕನ್ನು ನಡುವಿನ ತೂತಿಗೆ ಹಾಕಿದರೆ ಮೈಕಿಗೆಂದೇ ಇರುವ ಪ್ರೀಆಂಪ್ (ಸಣ್ಣ ಧ್ವನಿಯನ್ನು ಹಿಗ್ಗಿಸುವ ಭಾಗ) ದಾರಿ ಸಿಗದೆ, ಧ್ವನಿ ಸಾಲದು ಅಂತ ಗೇನ್ ಪೂರ್ತಿ ತಿರುಗಿಸುತ್ತೇವೆ, ಗುಂಯ್ ಕೂಡ ಅಷ್ಟೇ ಏರುತ್ತದೆ. ನನ್ನದು ಅದೇ ಆಗಿತ್ತು.

ಎರಡೂ ತುದಿ ಎಕ್ಸ್‌ಎಲ್‌ಆರ್ ಇರುವ ಕೇಬಲ್ ಹಾಕಿ, ಗೇನ್ ಅನ್ನು ಅದೇ ಧ್ವನಿ ಮಟ್ಟಕ್ಕೆ ಹೊಂದಿಸಿದ ಮೇಲೆ ಖಾಲಿ ಕೋಣೆಯ ಮೀಟರ್ ಮೈನಸ್ 63ಕ್ಕೆ ಇಳಿಯಿತು. ಇದು ಹಸಿರು ವೈರು ಸೇರಿಸುವುದಕ್ಕೂ ಮುಂಚೆ. ಅದೂ ಸೇರಿದ ಮೇಲೆ ಮೈನಸ್ 71. ಆಗ ಉಳಿದದ್ದು ಬೀದಿಯ ಸದ್ದು. ಕೇಬಲನ್ನು ನೀವೇ ಮಾಡಿಕೊಳ್ಳುವುದಾದರೆ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎರಡು ಎಳೆ, ಜಾಲರಿ ಇರುವ ಮೈಕ್ ಕೇಬಲ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಬೆಸುಗೆ ಹಾಕುವಾಗ ಜಾಲರಿಯ ಒಂದು ಕೂದಲೆಳೆಯೂ ಎರಡು, ಮೂರನೇ ಪಿನ್ನಿಗೆ ತಾಗದಂತೆ ನೋಡಿಕೊಳ್ಳಿ.

ಅರ್ತ್ ಸರಿಯಿದ್ದೂ ಗುಂಯ್ ಉಳಿದರೆ

ಆಗ ಸಮಸ್ಯೆ ತಿರುಗುಮುರುಗು: ಅರ್ತ್ ಎರಡು ದಾರಿಯಲ್ಲಿ ಸಿಗುತ್ತಿದೆ. ಲ್ಯಾಪ್‌ಟಾಪ್ ಈ ಗೋಡೆಯ ಸಾಕೆಟ್ಟಿಗೆ, ಸ್ಪೀಕರ್ ಆ ಗೋಡೆಯ ಸಾಕೆಟ್ಟಿಗೆ, ಮಧ್ಯೆ ಆಡಿಯೊ ಕೇಬಲಿನ ಜಾಲರಿ. ಎರಡು ಅರ್ತ್‌ಗಳ ನಡುವಿನ ಸಣ್ಣ ವ್ಯತ್ಯಾಸ ಆ ಜಾಲರಿಯಲ್ಲಿ ಸುತ್ತುತ್ತದೆ. ಎಲ್ಲವನ್ನೂ ಒಂದೇ ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ. 6 ಆಂಪಿಯರ್ ಸಾಕೆಟ್ 230 ವೋಲ್ಟಿನಲ್ಲಿ 1,380 ವ್ಯಾಟ್ ತಡೆಯುತ್ತದೆ. ಲ್ಯಾಪ್‌ಟಾಪ್, ಇಂಟರ್‌ಫೇಸ್, ಜೋಡಿ ಸ್ಪೀಕರ್ ಸೇರಿದರೂ ಅದರ ಹತ್ತಿರ ಬರುವುದಿಲ್ಲ. ಸ್ಪೀಕರಿಗೆ ಎರಡು ಪಟ್ಟಿಯ ಜ್ಯಾಕ್ ಅಥವಾ ಎಕ್ಸ್‌ಎಲ್‌ಆರ್ ಬಳಸಿ. ಕೀಬೋರ್ಡಿನಿಂದ ಬಂದರೆ ಟ್ರಾನ್ಸ್‌ಫಾರ್ಮರ್ ಇರುವ ಡಿಐ ಬಾಕ್ಸ್ (ವಾದ್ಯದ ಧ್ವನಿಯನ್ನು ಮೈಕಿನ ಎರಡೆಳೆ ದಾರಿಗೆ ಹೊಂದಿಸುವ ಡಬ್ಬಿ) ಮಧ್ಯೆ ಹಾಕಿ ಅದರ ಗ್ರೌಂಡ್ ಲಿಫ್ಟ್ ಒತ್ತಿ. ಇದು ಆಡಿಯೊ ಜಾಲರಿಯನ್ನು ಬೇರ್ಪಡಿಸುತ್ತದೆ, ವಿದ್ಯುತ್ತಿನ ಅರ್ತನ್ನಲ್ಲ, ಹಾಗಾಗಿ ಅಪಾಯವಿಲ್ಲ. ಅಗ್ಗದ ಯುಎಸ್‌ಬಿ ಐಸೊಲೇಟರ್ (ಲ್ಯಾಪ್‌ಟಾಪಿಗೂ ಇಂಟರ್‌ಫೇಸಿಗೂ ನಡುವಿನ ಅರ್ತ್ ಕೊಂಡಿ ತಪ್ಪಿಸುವ ಸಾಧನ) ಕೊಳ್ಳುವ ಮುಂಚೆ ಅದರ ವೇಗ ನೋಡಿ. ಬಹಳಷ್ಟು 12 ಮೆಗಾಬಿಟ್‌ಗೇ ನಿಲ್ಲುತ್ತವೆ, ಅದರಲ್ಲಿ ಯುಎಸ್‌ಬಿ 2 ಇಂಟರ್‌ಫೇಸ್ ಓಡುವುದಿಲ್ಲ.

ಜರ್ರ್ ಸದ್ದಿಗೆ ಮದ್ದು ಬೇರೆ. ತಿರುಗಿಸುತ್ತಾ ಹೋಗುವ ಎಲೆಕ್ಟ್ರಾನಿಕ್ ಫ್ಯಾನ್ ರೆಗ್ಯುಲೇಟರ್ ವಿದ್ಯುತ್ತಿನ ಪ್ರತಿ ಅರ್ಧ ಅಲೆಯನ್ನೂ ಕತ್ತರಿಸಿ ಬಿಡುತ್ತದೆ, ಅಂದರೆ ಸೆಕೆಂಡಿಗೆ 100 ಸಲ. ಪಕ್ಕದ ಕೋಣೆಯದಾದರೂ ಸಾಕು. ಮನೆಯ ಎಲ್ಲ ಫ್ಯಾನ್ ಒಂದೊಂದಾಗಿ ಆಫ್ ಮಾಡಿ ಕೇಳಿ. ಸಿಕ್ಕಿದರೆ ಕಟಕಟ ಎಂದು ಹೆಜ್ಜೆ ಹೆಜ್ಜೆಯಾಗಿ ತಿರುಗುವ ಕೆಪಾಸಿಟರ್ ಮಾದರಿಯದನ್ನು ಹಾಕಿಸಿ. ಕರೆಂಟ್ ಹೋದಾಗ ಮಾತ್ರ ಸದ್ದು ಬರುತ್ತಿದ್ದರೆ ನಿಮ್ಮ ಮನೆ ಯುಪಿಎಸ್ ಚೌಕಾಕಾರದ ಅಲೆ ಕೊಡುವಂಥದ್ದು. ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲೇ ರೆಕಾರ್ಡ್ ಮಾಡಿ, ಅಥವಾ ಮುಂದೆ ಬದಲಿಸುವಾಗ ಸೈನ್ ವೇವ್ ಯುಪಿಎಸ್ ತೆಗೆದುಕೊಳ್ಳಿ. ಟಿಟ್ಟಿಟ್ ಟಿಟ್ಟಿಟ್ ಎಂಬುದು ಮೊಬೈಲ್. ದೂರ ಇಡಿ.

ಫಿಲ್ಟರ್ ಯಾಕೆ ಬೇಡ

ಈಗಿನ ಸಾಫ್ಟ್‌ವೇರುಗಳಲ್ಲಿ ಗುಂಯ್ ತೆಗೆಯುವ ಫಿಲ್ಟರ್ ಇದೆ, ಹಳೆಯ ಕ್ಯಾಸೆಟ್ಟುಗಳಿಗೆ ಅದು ವರದಾನ. ಹೊಸ ರೆಕಾರ್ಡಿಂಗಿಗೆ ನಾನು ಬಳಸುವುದಿಲ್ಲ. 100 ಹರ್ಟ್ಜ್‌ನಲ್ಲಿ ಕತ್ತರಿ ಹಾಕಿದರೆ ಒಂದು ಮನೆ ಶ್ರುತಿಯ ಗಾಯಕರ ಮಂದ್ರ ಪಂಚಮ, 98.1, ಅದರ ಅಂಚಿಗೆ ಸಿಕ್ಕಿ ಸೊರಗುತ್ತದೆ. ಆ ಸ್ವರಕ್ಕೆ ಗಮಕ ಕೊಡುವಾಗ ಧ್ವನಿ 100ನ್ನು ದಾಟಿ ಹೋಗಿಬರುತ್ತದೆ. ದಾಟಿದಾಗಲೆಲ್ಲ ಒಂದು ಕ್ಷಣ ಟೊಳ್ಳಾಗಿ ಕೇಳುತ್ತದೆ. ಗಂಟಲಲ್ಲಿ ದಶಕಗಳ ಸಾಧನೆಯಿಂದ ಕೂಡಿಸಿದ್ದನ್ನು ನಾವು ಒಂದು ಸಡಿಲ ವೈರಿನ ಸಲುವಾಗಿ ಕತ್ತರಿಸಬಾರದು.

ಉಳಿದ ಸಣ್ಣಪುಟ್ಟವು

ಸ್ಸ್ ಸದ್ದು: ಮೈಕ್ ದೂರವಿದ್ದು ಗೇನ್ ಹೆಚ್ಚಿಟ್ಟಿದ್ದೀರಿ. ದೂರ ಅರ್ಧಕ್ಕಿಳಿಸಿದರೆ ಧ್ವನಿ ಸುಮಾರು 6 ಡೆಸಿಬಲ್ ಏರುತ್ತದೆ, ಅಷ್ಟು ಗೇನ್ ಇಳಿಸಬಹುದು. ಶ್ಯೂರ್ ಎಸ್‌ಎಂ7ಬಿ ಥರದ ಮೈಕ್ ಆದರೆ ಅದಕ್ಕೇ 60 ಡೆಸಿಬಲ್ ಗೇನ್ ಬೇಕು. ಸಣ್ಣ ಇಂಟರ್‌ಫೇಸ್ ಏದುಸಿರು ಬಿಡುವುದು ಸಹಜ. ಕಂಡೆನ್ಸರ್ ಮೈಕಿನಿಂದ (ವಿದ್ಯುತ್ತು ಬೇಕಾಗುವ ಬಗೆಯದು) ಏನೂ ಬರುತ್ತಿಲ್ಲವೇ, 48 ವೋಲ್ಟ್ ಗುಂಡಿ ಒತ್ತಿದ್ದೀರಾ ನೋಡಿ.

ಚಟಪಟ ಸದ್ದು: ಸಾಫ್ಟ್‌ವೇರಿನ ಬಫರ್ (ಧ್ವನಿಯನ್ನು ಒಂದು ಸಲಕ್ಕೆ ಎಷ್ಟು ಸ್ಯಾಂಪಲ್ ಕಂತಿನಲ್ಲಿ ಸಾಗಿಸಬೇಕು ಎಂಬುದು) 64 ಅಥವಾ 128 ಇದ್ದರೆ 256ಕ್ಕೆ, ಸಾಲದಿದ್ದರೆ 512ಕ್ಕೆ ಏರಿಸಿ. ಸೆಕೆಂಡಿಗೆ 48,000 ಸ್ಯಾಂಪಲ್ (ಧ್ವನಿಯ ಅಳತೆ) ದರದಲ್ಲಿ 512 ಅಂದರೆ ಒಂದು ದಿಕ್ಕಿಗೆ 10.7 ಮಿಲಿಸೆಕೆಂಡ್ ತಡ. ಹಾಡುವವರಿಗೆ ತಮ್ಮ ಧ್ವನಿ ತಡವಾಗಿ ಕೇಳಿದರೆ ಇಂಟರ್‌ಫೇಸಿನ ಡೈರೆಕ್ಟ್ ಮಾನಿಟರ್ (ಮೈಕಿನ ಧ್ವನಿ ನೇರ ಹೆಡ್‌ಫೋನಿಗೆ) ಹಾಕಿ, ಸಾಫ್ಟ್‌ವೇರಿನದನ್ನು ಮುಚ್ಚಿ. ಜೋರಾಗಿ ಹಾಡಿದಾಗ ಮಾತ್ರ ಚಟ್ ಎಂದರೆ ಅದು ಕ್ಲಿಪ್, ಅಂದರೆ ಮಟ್ಟ ಮೀರಿ ಅಲೆಯ ತಲೆ ಕತ್ತರಿಸಿ ಹೋದದ್ದು. 24 ಬಿಟ್‌ನಲ್ಲಿ ಶಿಖರ ಮೈನಸ್ 12ರ ಹತ್ತಿರ ಇದ್ದರೆ ಧಾರಾಳ ಸಾಕು.

ಶ್ರುತಿಯೇ ಮೇಲೆ ಹೋಗಿದೆ, ತಾಳವೂ ಓಡುತ್ತಿದೆ: 44,100ರಲ್ಲಿ ಮುದ್ರಿಸಿದ್ದನ್ನು 48,000ದಲ್ಲಿ ನುಡಿಸುತ್ತಿದ್ದೀರಿ. ಒಂದು ಮನೆಯಲ್ಲಿ ಹಾಡಿದ್ದು ಒಂದೂವರೆಗೂ ಎರಡು ಮನೆಗೂ ನಡುವೆ ಹೋಗಿ ಕೂರುತ್ತದೆ. ಪ್ರಾಜೆಕ್ಟ್ ಮತ್ತು ಇಂಟರ್‌ಫೇಸ್ ಎರಡರ ದರವೂ ಒಂದೇ ಮಾಡಿ.

ಡಬ್ಬದೊಳಗೆ ಹಾಡಿದಂತಿದೆ: ಅದು ಕೋಣೆಯ ದೋಷ. ಒಮ್ಮೆ ಚಪ್ಪಾಳೆ ತಟ್ಟಿ ಕೇಳಿ. ಕೆಂಪು ನೆಲ, ಬರಿ ಗೋಡೆಯ ನಮ್ಮ ಕೋಣೆಯಲ್ಲಿ ಚಪ್ಪಾಳೆಯ ಬಾಲ ಟ್ರ್ರ್ ಎಂದು ಎಳೆಯುತ್ತಿತ್ತು. ಮೊಟ್ಟೆ ತಟ್ಟೆ ಅಂಟಿಸುವುದು ದಂಡ, ಅದು ತೀರ ತೆಳು. ಹಾಡುವವರ ಬೆನ್ನ ಹಿಂದೆ ಹತ್ತಿಯ ಹಾಸಿಗೆ ಎತ್ತಿ ನಿಲ್ಲಿಸಿದೆ, ನೆಲಕ್ಕೆ ಜಮಖಾನ ಹಾಸಿದೆ, ಬಟ್ಟೆ ಬೀರುವಿನ ಬಾಗಿಲು ತೆರೆದಿಟ್ಟೆ. ಬಾಲ ಹೋಯಿತು.

ಸರಿಯಾದ ಮೇಲೆ ಮೇಷ್ಟ್ರನ್ನು ಮತ್ತೆ ಕರೆದೆ. ಬಂದವರು ಹೆಡ್‌ಫೋನ್ ಹಾಕಿಕೊಂಡು, ಮೈಕನ್ನು ಸ್ಟ್ಯಾಂಡಿನಲ್ಲೇ ಬಿಟ್ಟು, ಕಣ್ಣು ಮುಚ್ಚಿ ಒಂದು ನಿಮಿಷ ತಂಬೂರಿ ಮಾತ್ರ ಕೇಳಿದರು. ಆಮೇಲೆ ಮಂದ್ರ ಪಂಚಮ ಹಿಡಿದು ನಿಲ್ಲಿಸಿದರು. ಅವತ್ತಿನ ರೆಕಾರ್ಡಿಂಗಿಗೆ ಮುಂಚೆ ತೆಗೆದ ಮೂವತ್ತು ಸೆಕೆಂಡಿನ ಖಾಲಿ ಟ್ರ್ಯಾಕನ್ನು ತಾರೀಖು ಹಾಕಿ ಇಟ್ಟಿದ್ದೇನೆ. ಈಗ ಪ್ರತಿ ಸಲವೂ ಯಾರನ್ನಾದರೂ ಮೈಕಿನ ಮುಂದೆ ಕೂರಿಸುವ ಮೊದಲು ಹೊಸದೊಂದು ಖಾಲಿ ಟ್ರ್ಯಾಕ್ ತೆಗೆದು ಅದರ ಪಕ್ಕ ಇಟ್ಟು ಕೇಳುತ್ತೇನೆ.